ಸೀಲಿಂಗ್‌ಗೆ ಅಂಟಿಕೊಳ್ಳುವ ಡ್ರೋನ್

ಪ್ರಶ್ನೆ: ಬಯಲಲ್ಲಿ ನನ್ನ ಡ್ರೋನ್ ಕದಲದೆ ನಿಲ್ಲುತ್ತದೆ. ಮನೆಯೊಳಗೆ ಹಾರಿಸಿದರೆ ಅತ್ತಿತ್ತ ಜಾರುತ್ತದೆ, ಸೀಲಿಂಗ್ ಹತ್ತಿರ ಹೋದರೆ ಟಕ್ಕಂತ ಅಂಟಿಕೊಳ್ಳುತ್ತದೆ. ಟ್ಯಾಂಕು, ಬಾಯ್ಲರ್ ಒಳಗೆ ಹಾರಿಸುವವರು ಏನು ಮಾಡುತ್ತಾರೆ? ಒಳ್ಳೇ ಸೆನ್ಸರ್ ಹಾಕಿದರೆ ಸಾಕಾ?
– ಓದುಗರೊಬ್ಬರು, ಹಾಸನ

ಉತ್ತರ: ಸೆನ್ಸರ್ ಮಾತು ಆಮೇಲೆ, ಮೊದಲು ಗಾಳಿ. ಪ್ರೊಪೆಲ್ಲರ್ ಮೇಲಿನ ಗಾಳಿಯನ್ನು ಎಳೆದು ಕೆಳಗೆ ತಳ್ಳುತ್ತದೆ ಅಲ್ವಾ? ಸೀಲಿಂಗ್ ತೀರಾ ಹತ್ತಿರವಾದರೆ ಆ ಸಂದಿಗೆ ಸಾಕಷ್ಟು ಗಾಳಿ ನುಗ್ಗಲು ಜಾಗವಿಲ್ಲ, ಅಲ್ಲಿ ಒತ್ತಡ ಇಳಿಯುತ್ತದೆ, ಡ್ರೋನ್ ತಾನಾಗಿ ಮೇಲಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಸುತ್ತ ಪಂಜರ ಇದ್ದರೆ ಪ್ರೊಪೆಲ್ಲರ್ ಅಷ್ಟು ಹತ್ತಿರ ಹೋಗುವುದೇ ಇಲ್ಲ.

ಪಂಜರದ ದೊಡ್ಡ ಲಾಭ ಬೇರೆ. ಇಕ್ಕಟ್ಟಿನಲ್ಲಿ ಡಿಕ್ಕಿ ಆಗಿಯೇ ಆಗುತ್ತದೆ, ತಪ್ಪಿಸುತ್ತೇನೆ ಅಂತ ಹೊರಟವರೇ ಸೋಲುವುದು. ಸ್ವಿಟ್ಜರ್ಲೆಂಡಿನ ಫ್ಲೈಎಬಿಲಿಟಿ ಕಂಪನಿ ಮೊದಲ ಡ್ರೋನಿಗೆ ಕಾರ್ಬನ್ ಫೈಬರಿನ ದುಂಡು ಪಂಜರ ಹಾಕಿ, ಅದು ಒಳಗಿನ ಯಂತ್ರದ ಸುತ್ತ ತನ್ನಷ್ಟಕ್ಕೆ ತಿರುಗುವ ಹಾಗೆ ಮಾಡಿತು. ಗೋಡೆಗೆ ಬಡಿದರೆ ಪಂಜರ ಉರುಳುತ್ತದೆ, ಒಳಗಿನದು ವಾಲುವುದಿಲ್ಲ. ಆ ಐಡಿಯಾಕ್ಕೆ 2015ರಲ್ಲಿ ದುಬೈನಲ್ಲಿ 10 ಲಕ್ಷ ಡಾಲರ್ ಬಹುಮಾನ ಬಂತು. ಆದರೆ ಕ್ಯಾಮೆರಾ ಮುಂದೆ ಸದಾ ಕಂಬಿ ಅಡ್ಡ! ಮುಂದಿನ ಮಾದರಿಯಲ್ಲಿ ಪಂಜರವನ್ನು ತಿರುಗದ ಹಾಗೆ ಬಿಗಿದರು.

ಈಗ ಸೆನ್ಸರ್. ಒಳಗೆ ಜಿಪಿಎಸ್ ಸಿಗುವುದಿಲ್ಲ, ನಿಮ್ಮದು ಜಾರುವುದಕ್ಕೆ ಅದೂ ಒಂದು ಕಾರಣ. ಕಬ್ಬಿಣದ ಟ್ಯಾಂಕಿನಲ್ಲಿ ದಿಕ್ಸೂಚಿಯೂ ಸುಳ್ಳು ಹೇಳುತ್ತದೆ. ಕ್ಯಾಮೆರಾ ಮತ್ತು ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್‌ಗಳನ್ನೇ ನಂಬಬೇಕು. ಡ್ರೋನ್ ತಾನೇ ಎಬ್ಬಿಸಿದ ಧೂಳಿನ ಮೇಲೆ ಬೆಳಕು ಬಿದ್ದರೆ ಶಿರಾಡಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದ ಹಾಗೆ, ಏನೂ ಕಾಣುವುದಿಲ್ಲ. ಅದಕ್ಕೇ ಲೈಟನ್ನು ಕ್ಯಾಮೆರಾದಿಂದ ದೂರ, ಓರೆಯಾಗಿ ಇಡುತ್ತಾರೆ.

ಇಕ್ಕಟ್ಟಿನಲ್ಲಿ ನುಗ್ಗಲಿ ಅಂತ ಡ್ರೋನನ್ನು ಸುಮ್ನೆ ಚಿಕ್ಕದು ಮಾಡಿದರೂ ಆಗದು. ತೂಕ ಅಷ್ಟೇ ಇಟ್ಟು ಪ್ರೊಪೆಲ್ಲರ್ ವ್ಯಾಸ ಅರ್ಧ ಮಾಡಿದರೆ, ಗಾಳಿಯಲ್ಲಿ ನಿಲ್ಲಲು ಸುಮಾರು ಎರಡು ಪಟ್ಟು ಪವರ್ ಬೇಕು. ತೂಕ ಇಳಿಸುವುದೇ ದಾರಿ. 2024ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದ 1ನೇ ರಿಯಾಕ್ಟರಿನ ಒಳಗೆ ಹಾರಿದ ಡ್ರೋನ್‌ಗಳು ತಲಾ 185 ಗ್ರಾಂ, ಹೆಚ್ಚುಕಮ್ಮಿ ಒಂದು ಮೊಬೈಲ್ ತೂಕ.

ನಿಮ್ಮದು ಮತ್ತೆ ಸೀಲಿಂಗ್‌ಗೆ ಅಂಟಿದರೆ ಥ್ರಾಟಲ್ ಇಳಿಸಿ, ಬಿಟ್ಟುಕೊಂಡ ತಕ್ಷಣ ಸ್ವಲ್ಪ ಏರಿಸಿ. ಪೂರ್ತಿ ಆಫ್ ಮಾಡಬೇಡಿ, ಕೆಳಗೆ ಟೀವಿ ಇರಬಹುದು.