ಮೇಲಿನ ಮನೆಯಲ್ಲಿ ಬಾಡಿಗೆಯವರಿದ್ದಾರೆ, ಮಾರುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ನಾನು, ನನ್ನ ಹೆಂಡತಿ. ಮೇಲೆ ಆರೇಳು ವರ್ಷದಿಂದ ಒಂದೇ ಕುಟುಂಬ ಬಾಡಿಗೆಗಿದೆ. ತಿಂಗಳಿಗೆ 18,000 ಬಾಡಿಗೆ, ಒಂದೂವರೆ ಲಕ್ಷ ಅಡ್ವಾನ್ಸ್. 11 ತಿಂಗಳ ಕರಾರು ಮುಗಿದು ಬಹಳ ಕಾಲವಾಯಿತು, ಮತ್ತೆ ಬರೆಸಿಲ್ಲ. ಈಗ ಮನೆ ಮಾರಿ ಮೈಸೂರಿನಲ್ಲಿರುವ ಮಗಳ ಹತ್ತಿರ ಹೋಗೋಣ ಎಂದಿದ್ದೇವೆ. ಬ್ರೋಕರ್, ‘ಬಾಡಿಗೆಯವರಿಗೆ ಈಗಲೇ ಹೇಳಬೇಡಿ. ನೋಡೋಕೆ ಬಂದವರನ್ನ ನೆಂಟರು ಅಂತ ಹೇಳಿ ತೋರಿಸಿ’ ಎನ್ನುತ್ತಾರೆ. ಅವರ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅಡ್ವಾನ್ಸ್ ಹಣವೂ ಈಗ ನನ್ನ ಕೈಯಲ್ಲಿಲ್ಲ. ಏನು ಮಾಡಲಿ?
– ಹೆಸರು ಬೇಡ, ವಿಜಯನಗರ

ಉತ್ತರ: ಸರ್, ಆ ನೆಂಟರ ಕಥೆಯನ್ನು ಮೊದಲು ಬಿಡಿ. ಮನೆ ಕೊಳ್ಳಲು ಬಂದವರು ಹಾಲ್ ನಡುವೆ ನಿಂತು ಫೋನಿನಲ್ಲಿ ದಿಕ್ಕು ನೋಡುತ್ತಾರೆ. ಅಡುಗೆಮನೆ ಆಗ್ನೇಯಕ್ಕಿದೆಯಾ ಎನ್ನುತ್ತಾರೆ. ಬಚ್ಚಲುಮನೆಯ ಹಿಂದಿನ ಗೋಡೆಗೆ ಕೈಯಿಟ್ಟು ತೇವ ಇದೆಯಾ ಎಂದು ಮುಟ್ಟಿ ನೋಡುತ್ತಾರೆ. ಯಾವ ನೆಂಟರು ಹೀಗೆ ಮಾಡುತ್ತಾರೆ? ಮೊದಲನೇ ದಿನವೇ ಆ ಮನೆಯಾಕೆಗೆ ಗೊತ್ತಾಗುತ್ತದೆ. ಆಮೇಲೆ ಬಾಗಿಲು ತೆಗೆಯುವುದೇ ಕಷ್ಟ. ಕೊಳ್ಳುವವರು ಬ್ಯಾಂಕ್ ಸಾಲ ಮಾಡಿದರೆ ಬೆಲೆ ಕಟ್ಟುವವರೂ ಒಳಗೆ ಬಂದು ನೋಡಬೇಕು. ಬಾಡಿಗೆ ಕೊಡುವಷ್ಟು ದಿನ ಆ ಮನೆ ಅವರ ಸ್ವಾಧೀನದಲ್ಲಿದೆ, ಅವರನ್ನು ಕೇಳದೆ ಒಳಗೆ ಹೋಗುವ ಹಾಗಿಲ್ಲ.

ಆದ್ದರಿಂದ ಈ ಭಾನುವಾರವೇ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿಬಿಡಿ. ‘ನೀವೇ ತಗೋತೀರಾ?’ ಅಂತಲೂ ಕೇಳಿ. ಇಷ್ಟು ವರ್ಷ ಇದ್ದವರಿಗೆ ಆ ಮನೆಯ ಒಳಿತು ಕೆಡುಕು ಎಲ್ಲ ಗೊತ್ತು. ಸಾಲ ಸಿಗುವ ಹಾಗಿದ್ದರೆ ಅವರೇ ಮುಂದೆ ಬಂದಾರು. ಇಲ್ಲದಿದ್ದರೆ ವಾರದಲ್ಲಿ ಯಾವ ಎರಡು ಹೊತ್ತು ಮನೆ ತೋರಿಸಬಹುದು ಎಂದು ಅವರನ್ನೇ ಕೇಳಿ, ಬ್ರೋಕರ್‌ಗೆ ಅದನ್ನು ಖಡಾಖಂಡಿತ ಹೇಳಿ. ಓದುವ ಹುಡುಗಿ ಇರುವ ಮನೆ. ಸಂಜೆ ಏಳಕ್ಕೆ ಬೆಲ್ ಒತ್ತುವುದು ಬೇಡ.

ಇನ್ನು ಕಾನೂನು. ಬಾಡಿಗೆಯವರಿದ್ದರೂ ಮನೆ ಮಾರಬಹುದು, ಅದಕ್ಕೆ ಅವರ ಒಪ್ಪಿಗೆ ಬೇಕಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ನಿಮಗೆ ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳು ಅದರ ಹೊರಗೆ. ನಿಮ್ಮದು 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ ಬರುತ್ತದೆ. ಕರಾರು ಮುಗಿದ ಮೇಲೂ ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿದ್ದೀರಿ, ಹಾಗಾಗಿ ಇದು ತಿಂಗಳ ಲೆಕ್ಕದ ಬಾಡಿಗೆ. ಬಿಡಿಸಲು 15 ದಿನದ ನೋಟಿಸ್ ಸಾಕು.

ಸಾಕು ಅಂತ ಕೊಡಬೇಡಿ, ದಯವಿಟ್ಟು. ನೋಟಿಸ್ ಕೊಟ್ಟ ಮೇಲೂ ಅವರು ಬಿಡದಿದ್ದರೆ ಕೋರ್ಟಿಗೇ ಹೋಗಬೇಕು. ಮೋಟಾರ್ ಹಾಕದೆ ಮೇಲಿನ ಟ್ಯಾಂಕಿಗೆ ನೀರು ಬಿಡದಿರುವುದು, ಕರೆಂಟ್ ತೆಗೆಸುವುದು, ಬೀಗ ಜಡಿಯುವುದು ಇವೆಲ್ಲ ಕೂಡದು. ಕಾನೂನು ಮೀರಿ ಹೊರಗೆ ಹಾಕಿದರೆ ಅವರು ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ವಾಪಸ್ ಪಡೆಯಬಹುದು. ಅದಕ್ಕಿಂತ ಹೀಗೆ ಮಾಡಿ: ಗಿರಾಕಿ ಸಿಕ್ಕರೆ ಈಗಲೇ ಕ್ರಯದ ಕರಾರು ಮಾಡಿಕೊಳ್ಳಿ, ರಿಜಿಸ್ಟ್ರೇಷನ್ ಮಾತ್ರ ಮೇ ತಿಂಗಳಿಗೆ ಇಟ್ಟುಕೊಳ್ಳಿ. ಪರೀಕ್ಷೆ ಮುಗಿದಿರುತ್ತದೆ. ಏಪ್ರಿಲ್ ಕೊನೆಗೆ ಬಿಡುತ್ತೇವೆ ಎಂದು ಬಾಡಿಗೆಯವರಿಂದ ಒಂದು ಕಾಗದ ಬರೆಸಿಕೊಳ್ಳಿ. ಕೊಳ್ಳುವವರಿಗೂ ಆ ಕಾಗದ ತೋರಿಸಿ.

ನನಗೆ ಚಿಂತೆ ಇರುವುದು ಅಡ್ವಾನ್ಸ್ ಬಗ್ಗೆ. ಇಂಥ ತಕರಾರುಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಹಳೆಯ ಮಾಲೀಕರು ‘ಹೊಸಬರನ್ನು ಕೇಳಿ’ ಎನ್ನುತ್ತಾರೆ, ಹೊಸಬರು ‘ನನ್ನ ಕೈಗೆ ಬಂದೇ ಇಲ್ಲ’ ಎನ್ನುತ್ತಾರೆ. ನಡುವೆ ಆ ಕುಟುಂಬಕ್ಕೆ ಬೇರೆ ಮನೆಗೆ ಅಡ್ವಾನ್ಸ್ ಕೊಡಲು ದುಡ್ಡಿರುವುದಿಲ್ಲ. ಬೆಂಗಳೂರಿನಲ್ಲಿ ಹಳೆಯ ಅಡ್ವಾನ್ಸ್ ಬಂದರೇನೇ ಹೊಸ ಮನೆ, ಅಲ್ವಾ? ಕೊಳ್ಳುವವರಿಂದ ನಿಮಗೆ ಬರುವ ಮುಂಗಡದಿಂದ ಮೊದಲು ಒಂದೂವರೆ ಲಕ್ಷ ಬೇರೆ ತೆಗೆದಿಡಿ. ಅರ್ಧವನ್ನು ಅವರು ಮನೆ ನೋಡಿಕೊಂಡಾಗಲೇ ಕೊಡಿ, ಉಳಿದದ್ದನ್ನು ಬೀಗದ ಕೈ ಕೊಟ್ಟ ದಿನ. ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ತೆಗೆದುಕೊಳ್ಳಿ. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ಕೊಂಡವರು ಹೇಗೂ ಅವರಿಗೆ ಬೇಕಾದ ಬಣ್ಣ ಹೊಡೆಸಿಕೊಳ್ಳುತ್ತಾರೆ. ಇಷ್ಟು ವರ್ಷ ಇದ್ದವರಿಂದ ಆ 18,000 ಹಿಡಿಯುವುದು ನ್ಯಾಯವಲ್ಲ.

ಬಾಡಿಗೆಯವರು ಇದ್ದರೂ ಪರವಾಗಿಲ್ಲ ಎನ್ನುವ ಗಿರಾಕಿಯೂ ಸಿಗಬಹುದು. ಆಗ ಅಡ್ವಾನ್ಸ್ ಮೊತ್ತವನ್ನು ಮನೆಯ ಬೆಲೆಯಲ್ಲಿ ಕಳೆದು, ‘ಇದನ್ನು ಹಿಂತಿರುಗಿಸುವ ಹೊಣೆ ಕೊಂಡವರದು’ ಎಂದು ಕ್ರಯಪತ್ರದಲ್ಲೇ ಬರೆಸಿ. ರಿಜಿಸ್ಟ್ರೇಷನ್ ಆದ ದಿನವೇ, ಮನೆ ಮಾರಾಟವಾಗಿದೆ ಎಂದು ತಿಳಿಸಿ ನೀವೂ ಕೊಂಡವರೂ ಸಹಿ ಮಾಡಿದ ಪತ್ರವನ್ನು ಬಾಡಿಗೆಯವರ ಕೈಗೆ ಕೊಡಿ. ಮನೆ ಕೈ ಬದಲಾದದ್ದು ತಿಳಿಯದೆ ಅವರು ನಿಮಗೇ ಬಾಡಿಗೆ ಕೊಟ್ಟರೆ, ಹೊಸ ಮಾಲೀಕರು ಅದನ್ನು ಅವರಿಂದ ಇನ್ನೊಮ್ಮೆ ಕೇಳುವಂತಿಲ್ಲ. ಆ ಲೆಕ್ಕ ನಿಮ್ಮ ಮತ್ತು ಕೊಂಡವರ ನಡುವೆ ಬರುತ್ತದೆ.

ಕಾಯುವ ಈ ತಿಂಗಳುಗಳಲ್ಲಿ ಇ-ಖಾತಾ (ಪಾಲಿಕೆ ಕೊಡುವ ಆಸ್ತಿಯ ಡಿಜಿಟಲ್ ದಾಖಲೆ) ಮಾಡಿಸಿಟ್ಟುಕೊಳ್ಳಿ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಮನೆ ರಿಜಿಸ್ಟ್ರೇಷನ್‌ಗೆ ಅದು ಬೇಕೇ ಬೇಕು. ಕ್ರಯಪತ್ರದಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಈಗಲೇ ಸರಿ ಮಾಡಿಸಿ.