‘ಬೆಂಚಿನ ಮೇಲಿನ ದೇವರು’: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ. ಸೂರಿಲ್ಲದವರ ಕಡೆಗೆ ನಮ್ಮ ಮನಸ್ಸನ್ನು ಕಲೆ ಹೇಗೆ ತಿರುಗಿಸಬಲ್ಲದು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲಾರೆ. ಹಾಗೆಂದು ಪಕ್ಕಕ್ಕೆಸೆಯುವ ಬರಹವೂ ಅಲ್ಲ, ಅದಕ್ಕೇ ಈ ಪತ್ರ.

ಮೊದಲ ಮೂರು ಪುಟಗಳು ಕರುಣೆ, ಮಾನವೀಯತೆ, ಅಂತಃಕರಣ ಎನ್ನುವುದರಲ್ಲೇ ಮುಗಿದಿವೆ. ಕೆನಡಾದ ಶಿಲ್ಪಿ ತಿಮೊಥಿ ಶ್ಮಾಲ್ಜ್ ಅವರ ಕಂಚಿನ ಯೇಸು ಕಾಣಿಸಿಕೊಳ್ಳುವುದು ನಾಲ್ಕನೆಯ ಪುಟದಲ್ಲಿ. ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗಿದ ಆಕೃತಿ. ಹೊರಗೆ ಚಾಚಿದ ಪಾದಗಳಲ್ಲಿ ಮೊಳೆಯ ಗಾಯ ಕಂಡಾಗಲೇ ಅದು ಯಾರೆಂದು ತಿಳಿಯುವುದು. ಕಾಲ ಬಳಿ ಒಬ್ಬರು ಕೂರುವಷ್ಟು ಜಾಗವನ್ನು ಶಿಲ್ಪಿ ಬೇಕೆಂದೇ ಬಿಟ್ಟಿದ್ದಾರೆ. ಆ ಖಾಲಿ ಜಾಗದ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ! 2014ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಡೇವಿಡ್‌ಸನ್ ಊರಿನ ಚರ್ಚಿನ ಬಳಿ ಇದರ ಪ್ರತಿ ಬಂದಾಗ, ಯಾರೋ ಬೀದಿಯವನು ಮಲಗಿದ್ದಾನೆಂದು ಒಬ್ಬರು ಪೊಲೀಸರಿಗೆ ಫೋನ್ ಮಾಡಿದ್ದರು. ಇದನ್ನು ನೀವು ಆವರಣ ಚಿಹ್ನೆಯೊಳಗೆ ತುರುಕಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ. ಫೋನ್ ಮಾಡಿದವರನ್ನು ಬೈಯುತ್ತ ಕೂರಬೇಡಿ. ನಾನಾಗಿದ್ದರೂ ಮಾಡುತ್ತಿದ್ದೆನೇನೋ ಎಂದು ಓದುಗರಿಗೆ ಇರಿಸುಮುರಿಸಾಗಲಿ.

ಒಂದು ತಪ್ಪನ್ನು ತಿದ್ದಲೇಬೇಕು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ಪ್ರಸಿದ್ಧ ಫೋಟೊದ ಹೆಂಗಸನ್ನು ‘ಹೆಸರಿಲ್ಲದ ತಾಯಿ’ ಎಂದಿದ್ದೀರಿ. ಆಕೆಗೆ ಹೆಸರಿತ್ತು: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಲ್ಯಾಂಗ್ ಕೇಳಲಿಲ್ಲ, ಅಷ್ಟೆ. ಚಿತ್ರ ಪತ್ರಿಕೆಗೆ ತಲುಪಿದ ಮೇಲೆ ಬಿಡಾರಕ್ಕೆ ಸರ್ಕಾರದಿಂದ ಆಹಾರ ಬಂತು. ಅಷ್ಟರಲ್ಲಿ ಆಕೆಯ ಸಂಸಾರ ಅಲ್ಲಿಂದ ಹೊರಟಾಗಿತ್ತು. ಆಕೆ ಯಾರೆಂದು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ಆ ಫೋಟೊದಿಂದ ತನಗೆ ಬಿಡಿಗಾಸೂ ದಕ್ಕಲಿಲ್ಲವೆಂಬ ನೋವು ಆಕೆಗಿತ್ತು. ಕಲೆ ಅನುಕಂಪ ಹುಟ್ಟಿಸುತ್ತದೆ ಎಂದು ಸಲೀಸಾಗಿ ಬರೆಯುವ ಮೊದಲು ಈ ಕಥೆಯನ್ನು ಎದುರಿಗಿಟ್ಟುಕೊಳ್ಳಿ.

ಪದಗಳ ಬಗ್ಗೆಯೂ ತಕರಾರಿದೆ. ಒಂದೇ ಪುಟದಲ್ಲಿ ನಿರಾಶ್ರಿತ, ನಿರ್ಗತಿಕ, ಭಿಕ್ಷುಕ ಮೂರನ್ನೂ ಒಬ್ಬರಿಗೇ ಅಂಟಿಸಿದ್ದೀರಿ. ಫುಟ್‌ಪಾತಿನಲ್ಲಿ ಮಲಗುವವರಲ್ಲಿ ಬೆಳಗಾದರೆ ಮೂಟೆ ಹೊರಲು, ಗಾರೆ ಕೆಲಸಕ್ಕೆ ಹೋಗುವವರಿದ್ದಾರೆ. ಅವರು ಯಾರ ಮುಂದೆಯೂ ಕೈ ಚಾಚಿದವರಲ್ಲ.

ಇನ್ನು ಕೊನೆಯ ಪುಟ. ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಮಲಗುವ ಮುದುಕ, ಕಸ ಗುಡಿಸುವವರು ಬರುವ ಮೊದಲೇ ಎದ್ದು, ಕಂಬಳಿಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿಯುತ್ತಾನಲ್ಲ, ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತೆ. ಮರುಸಾಲಿನಲ್ಲೇ ನೀವು ‘ಅಯ್ಯೋ ವಿಧಿಯೇ’ ಎಂದು ಎಲ್ಲ ಹಾಳು ಮಾಡಿದಿರಿ. ಅದನ್ನು ಹೊಡೆದು ಹಾಕಿ.

ಆ ಮುದುಕನ ಹೆಸರನ್ನು ನೀವೂ ಬರೆದಿಲ್ಲ. ಕೇಳಿದಿರಾ? ಇಲ್ಲವಾದರೆ ಇನ್ನೊಂದು ಮುಂಜಾನೆ ಹೋಗಿ, ಅವರು ಕಂಬಳಿ ಕಟ್ಟಿ ಮುಗಿಸುವವರೆಗೆ ಕಾದು, ಮಾತನಾಡಿಸಿ. ಹೆಸರನ್ನು ಅಚ್ಚು ಮಾಡುವುದು ಬಿಡುವುದು ಅವರ ಇಷ್ಟ. ಆಮೇಲೆ 900 ಪದ ಮೀರದಂತೆ ಬರೆದು ಕಳುಹಿಸಿ. ಫೋಟೊ ಬೇಡ.