ಒಂಬತ್ತು ಸೋಲು, ಒಂದು ಡಬ್ಬಿ ಕೋಡುಬಳೆ

ತಂಗೀ,

ನಿನ್ನ ಪತ್ರ ಓದಿದೆ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಎರಡು ತಿಂಗಳಾಯಿತು, ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರೂ ನಗುನಗುತ್ತಾ ಮಾತನಾಡಿಸುತ್ತಾರೆ, ಆದರೆ ಒಬ್ಬರೂ ಮನೆಗೆ ಕರೆದಿಲ್ಲ, ಕೆಲಸ ಮುಗಿಸಿ ಕೋಣೆಗೆ ಬಂದರೆ ಗೋಡೆಯೇ ಗತಿ ಎಂದು ಬರೆದಿದ್ದೀಯ. ಊಟದ ಹೊತ್ತಿನಲ್ಲಿ ಅವರ ಬಾಯಲ್ಲಿ ಫುಟ್‌ಬಾಲ್ ಬಿಟ್ಟು ಬೇರೆ ಮಾತೇ ಇಲ್ಲವಂತೆ. ‘ನಾನೂ ನೋಡುವುದನ್ನು ಶುರು ಮಾಡಲೇ ಅಕ್ಕಾ? ಅದೂ ಸೋತು ಕೆಳಗಿನ ದರ್ಜೆಗೆ ಇಳಿದ ಲೆಸ್ಟರ್ ಸಿಟಿ ತಂಡವನ್ನು?’ ಎಂದು ಕೇಳಿದ್ದೀಯ.

ಶುರು ಮಾಡು. ಕೆಳಗಿಳಿದ ವರ್ಷವೇ ಶುರು ಮಾಡು.

ನಾನು ದಾವಣಗೆರೆಯಿಂದ ಬಂದದ್ದು 2012 ರಲ್ಲಿ. ನಮ್ಮ ಹೈಸ್ಕೂಲಿನ ಮೈದಾನದಲ್ಲಿ ಮಳೆ ಬಿದ್ದು ಕ್ರಿಕೆಟ್ ಆಡಲಾಗದ ದಿನ ಹುಡುಗರು ಚೆಂಡು ಒದೆಯುತ್ತಿದ್ದರು, ಅದಷ್ಟೇ ನಾನು ಕಂಡ ಫುಟ್‌ಬಾಲ್. ಇಲ್ಲಿ ಔಷಧಾಲಯದಲ್ಲಿ ನನ್ನ ಪಕ್ಕ ಕೆಲಸ ಮಾಡುತ್ತಿದ್ದವಳ ತಂದೆಗೆ ಮರುವರ್ಷ ಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ತವರಿನ ಪಂದ್ಯಗಳಿಗೆ ವರ್ಷಕ್ಕೊಮ್ಮೆ ಕೊಳ್ಳುವ ಅವರ ಸೀಸನ್ ಟಿಕೆಟ್ ಸುಮ್ಮನೆ ಬಿದ್ದಿತ್ತು. ‘ಬರುತ್ತೀಯಾ, ಮಿ ಡಕ್?’ ಎಂದಳು. ಬಸ್ಸಿನ ಚಾಲಕ ನನ್ನನ್ನು ಬಾತುಕೋಳಿ ಎಂದು ಏಕೆ ಕರೆಯುತ್ತಾನೆ ಎಂದು ನೀನು ಕೇಳಿದ್ದೆಯಲ್ಲ, ಅದು ಇದೇ. ಈ ಊರಿನವರು ಹೆಂಗಸರನ್ನು, ಗಂಡಸರನ್ನು, ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ. ನಮ್ಮಲ್ಲಿ ‘ಏನವ್ವಾ’ ಎಂದ ಹಾಗೆ. ಸಿಟ್ಟಾಗಬೇಡ.

ಆ ವರ್ಷ ತಂಡ ಎರಡನೆಯ ದರ್ಜೆಯಲ್ಲಿತ್ತು. 102 ಅಂಕ ಗಳಿಸಿ ಮೇಲೇರಿತು. ಫುಟ್‌ಬಾಲ್ ಎಂದರೆ ವಾರ ವಾರವೂ ಗೆಲ್ಲುವುದು ಎಂದೇ ನಾನು ತಿಳಿದಿದ್ದೆ. ಮರುವರ್ಷ 140 ದಿನ ಪಟ್ಟಿಯ ತಳದಲ್ಲಿ ಕುಳಿತು, ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು ಬದುಕಿಕೊಂಡಿತು. ಕಾರು ನಿಲ್ಲಿಸುವ ಜಾಗದಡಿ ಸಿಕ್ಕಿದ ಮೂರನೆಯ ರಿಚರ್ಡ್ ದೊರೆಯ ಮೂಳೆಗಳನ್ನು 2015 ರ ಮಾರ್ಚ್‌ನಲ್ಲಿ ಇಲ್ಲಿನ ಕೆಥೆಡ್ರಲ್‌ನಲ್ಲಿ ಮತ್ತೆ ಹೂಳಿದ ಮೇಲೆ ಗ್ರಹಚಾರ ಬಿಟ್ಟಿತು ಎನ್ನುವವರು ಈ ಊರಿನಲ್ಲಿ ಇದ್ದಾರೆ. ನನಗೇನೂ ಆಶ್ಚರ್ಯವಾಗಲಿಲ್ಲ, ನಾವೂ ಅಂಥವರೇ.

2016 ರ ಕತೆ ನೀನೂ ಕೇಳಿರುತ್ತೀಯ. ಒಂದಕ್ಕೆ ಐದು ಸಾವಿರ ಎಂದು ಬಾಜಿಯವರು ಬರೆದಿಟ್ಟಿದ್ದ ತಂಡ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್ ಗೆದ್ದಿತು. ಅದನ್ನು ಹೇಳಿ ನಿನ್ನನ್ನು ಕರೆದರೆ, ಗಂಡಿನ ಹತ್ತು ವರ್ಷದ ಹಿಂದಿನ ಫೋಟೋ ತೋರಿಸಿ ಮದುವೆ ಕುದುರಿಸಿದ ಹಾಗಾಗುತ್ತದೆ. ಆದ್ದರಿಂದ ಈಗ ತಾನೇ ಮುಗಿದ 2024-25 ರ ಮಾತು ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದುಕೋ. ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೆ ಮರುವರ್ಷ ‘ಈ ಸಲ ಕಪ್ ನಮ್ದೇ’ ಎಂದು ಮತ್ತೆ ಶುರು ಮಾಡಬಹುದು. ಇಲ್ಲಿ ಹಾಗಿಲ್ಲ. ಇಪ್ಪತ್ತು ತಂಡಗಳು, 38 ಪಂದ್ಯ, ಕೊನೆಯ ಮೂರು ಸ್ಥಾನದವರು ಕೆಳಗಿನ ದರ್ಜೆಗೆ. ದುಡ್ಡು ಹೋಗುತ್ತದೆ, ಒಳ್ಳೆಯ ಆಟಗಾರರು ಹೋಗುತ್ತಾರೆ, ಕೆಲವೊಮ್ಮೆ ಕಚೇರಿಯ ಗುಮಾಸ್ತರ ಕೆಲಸವೂ ಹೋಗುತ್ತದೆ. ಹಾಗಾಗಿ ಫೆಬ್ರುವರಿಯ ಚಳಿಯಲ್ಲಿ ಹದಿನೆಂಟನೆಯ ಸ್ಥಾನದ ತಂಡ ಹತ್ತೊಂಬತ್ತನೆಯದರ ಜೊತೆ ಆಡುವುದನ್ನು ನೋಡಲು ಜನ ಉಸಿರು ಬಿಗಿಹಿಡಿದು ಕೂರುತ್ತಾರೆ.

ಋತು ಶುರುವಾದದ್ದು ಚೆನ್ನಾಗಿಯೇ. ಆಗಸ್ಟ್‌ನಲ್ಲಿ ಟಾಟನಂ ವಿರುದ್ಧ 37 ವರ್ಷದ ಜೇಮಿ ವಾರ್ಡಿ ತಲೆಯಿಂದ ಗೋಲು ಹೊಡೆದು ಪಂದ್ಯ ಸಮ ಮಾಡಿದ. ನವೆಂಬರ್‌ನಲ್ಲಿ ತರಬೇತುದಾರ ಸ್ಟೀವ್ ಕೂಪರ್‌ನನ್ನು ತೆಗೆದು ರೂಡ್ ವಾನ್ ನಿಸ್ಟೆಲ್‌ರಾಯ್‌ನನ್ನು ತಂದರು. ಡಿಸೆಂಬರ್ 8 ರಂದು ಬ್ರೈಟನ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಎರಡು ಗೋಲು ಹೊಡೆದು 2-2 ಮಾಡಿದಾಗ ನಮ್ಮ ಸಾಲಿನಲ್ಲಿ ಯಾರು ಯಾರನ್ನು ತಬ್ಬಿಕೊಂಡರೋ ಗೊತ್ತಿಲ್ಲ. ನನ್ನ ಕನ್ನಡಕ ಎರಡು ಸಾಲು ಕೆಳಗೆ ಸಿಕ್ಕಿತು.

ಆಮೇಲೆ ತವರಿನ ಲೀಗ್ ಪಂದ್ಯಗಳಲ್ಲಿ ಗೋಲು ಎಂಬುದೇ ನಿಂತುಹೋಯಿತು. ವುಲ್ವ್ಸ್ ಮೂರು ಹೊಡೆದರು. ಮ್ಯಾಂಚೆಸ್ಟರ್ ಸಿಟಿ ಎರಡು, ಪ್ಯಾಲೆಸ್ ಎರಡು, ಫುಲ್ಹಮ್ ಎರಡು, ಆರ್ಸೆನಲ್ ಎರಡು. ಬ್ರೆಂಟ್‌ಫರ್ಡ್ ನಾಲ್ಕು. ಮ್ಯಾಂಚೆಸ್ಟರ್ ಯುನೈಟೆಡ್ ಮೂರು, ನ್ಯೂಕ್ಯಾಸಲ್ ಮೂರು, ಲಿವರ್‌ಪೂಲ್ ಒಂದು. ಒಂಬತ್ತು ಪಂದ್ಯ, ನಾವು ತಿಂದದ್ದು 22, ಹೊಡೆದದ್ದು ಸೊನ್ನೆ. ನಡುವೆ, ಲೀಗಿನ ಲೆಕ್ಕಕ್ಕೆ ಬಾರದ ಎಫ್‌ಎ ಕಪ್‌ನಲ್ಲಿ, ಕ್ಯೂಪಿಆರ್ ಎಂಬ ತಂಡಕ್ಕೆ ಆರು ಗೋಲು ಹೊಡೆದರು. ಹಸಿದಾಗ ಇಲ್ಲದ ಅನ್ನ, ಹೊಟ್ಟೆ ತುಂಬಿದಾಗ ಪಾಯಸ.

ಬ್ರೆಂಟ್‌ಫರ್ಡ್ ಬಂದದ್ದು ಶುಕ್ರವಾರ ರಾತ್ರಿ. ಮೂರನೆಯ ಗೋಲಿಗೆ ಜನ ಏಳಲು ಶುರು ಮಾಡಿದರು. ಇಲ್ಲಿನ ಕುರ್ಚಿಗಳು ಎದ್ದ ಕೂಡಲೇ ತಾವಾಗಿಯೇ ಮಡಚಿಕೊಳ್ಳುತ್ತವೆ. ಸಾಲು ಸಾಲಾಗಿ ಟಪ್ ಟಪ್ ಎಂಬ ಆ ಸದ್ದಿದೆಯಲ್ಲ, ಕೂಗಿ ಬೈದದ್ದಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ. ನನ್ನ ಎಡಗಡೆಯ ಅಜ್ಜ ಏಳಲಿಲ್ಲ. ಅವರು ಕೊನೆಯ ಸಿಳ್ಳೆಗೂ ಮುಂಚೆ ಎದ್ದದ್ದನ್ನು ನಾನು ಕಂಡಿಲ್ಲ. ಕೈ ಚಾಚಿದರು, ನಾನು ಡಬ್ಬಿ ತೆರೆದೆ. ಕೋಡುಬಳೆಗೆ ಅವರು ‘ಬಿಸಿ ಉಂಗುರ’ ಎನ್ನುತ್ತಾರೆ. ‘ಇವತ್ತು ಖಾರ ಕಮ್ಮಿ’ ಎಂದರು. ಪಂದ್ಯದ ಬಗ್ಗೆ ಅವರು ಆಡಿದ ಮಾತು ಅಷ್ಟೇ.

ಈ ಅಜ್ಜನ ಪಕ್ಕ ಹನ್ನೊಂದು ವರ್ಷ ಕುಳಿತಿದ್ದೇನೆ. ಅವರ ಮನೆ ನೋಡಿಲ್ಲ, ನನ್ನ ಮನೆಗೆ ಅವರು ಬಂದಿಲ್ಲ. ನೀನು ಕೊರಗುತ್ತಿರುವುದು ಇದಕ್ಕೇ ಅಲ್ಲವೇ? ಕೇಳು. ಈ ಜನವರಿಯಲ್ಲಿ ನನ್ನ ಅಮ್ಮನಿಗೆ ಹುಷಾರು ತಪ್ಪಿ ಎರಡು ವಾರ ದಾವಣಗೆರೆಗೆ ಓಡಿದೆ. ಪ್ಯಾಲೆಸ್, ಫುಲ್ಹಮ್ ಎರಡೂ ಪಂದ್ಯ ತಪ್ಪಿದವು. 26 ರ ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಮೊಬೈಲ್ ಹಿಡಿದು ಕುಳಿತಾಗ ನಮ್ಮವರು ಟಾಟನಂ ಮೈದಾನದಲ್ಲೇ 2-1 ರಿಂದ ಗೆದ್ದರು. ನಾನು ಕಿರುಚಿದ್ದಕ್ಕೆ ಆಯಾ ಓಡಿ ಬಂದಳು. ಹಿಂದಿರುಗಿ ಆರ್ಸೆನಲ್ ಪಂದ್ಯಕ್ಕೆ ಹೋದರೆ ಅಜ್ಜ ಜೇಬಿನಿಂದ ಒಂದು ಹಳೆಯ ಲಕೋಟೆ ತೆಗೆದರು. ಅದರ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದರು: ‘ಪ್ಯಾಲೆಸ್ 0-2. ಫುಲ್ಹಮ್ 0-2. ನೀನು ಕಳೆದುಕೊಂಡದ್ದು ಏನೂ ಇಲ್ಲ. ಅಮ್ಮ ಹೇಗಿದ್ದಾರೆ?’ ಎದುರಿಗೇ ಕೇಳಬಹುದಿತ್ತು. ಆದರೆ ಇವರಿಗೆ ಅಂಥದ್ದನ್ನು ಎದುರಿಗೆ ಕೇಳಲು ಬರುವುದಿಲ್ಲ.

ಇನ್ನೊಂದು ಗುಟ್ಟು. ಮೊದಲ ಎರಡು ವರ್ಷ ನಾನು ಎಲ್ಲ ಆಟಗಾರರನ್ನೂ ಹೊಗಳುತ್ತಿದ್ದೆ, ಸಭ್ಯತೆ ಎಂದುಕೊಂಡು. ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಮೂರನೆಯ ವರ್ಷ ಒಂದು ದಿನ ಸಹಿಸಲಾಗದೆ ನಮ್ಮದೇ ರಕ್ಷಣಾ ಆಟಗಾರನೊಬ್ಬನನ್ನು ‘ಇವನಿಗಿಂತ ನಮ್ಮ ಬೀದಿಯ ದೀಪದ ಕಂಬ ವಾಸಿ’ ಎಂದುಬಿಟ್ಟೆ. ಮುಂದಿನ ಸಾಲಿನವರು ಹಿಂದಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಹೊಗಳುವವನು ನೆಂಟ, ಬೈಯುವವನು ಮನೆಯವನು. ಬೈಯಲೂ ಒಂದು ಮಿತಿ ಇದೆ. 2018 ರ ಅಕ್ಟೋಬರ್‌ನಲ್ಲಿ ಮಾಲೀಕ ವಿಚಾಯ್ ಶ್ರೀವದ್ಧನಪ್ರಭ ಅವರ ಹೆಲಿಕಾಪ್ಟರ್ ಪಂದ್ಯ ಮುಗಿದ ಮೇಲೆ ಇದೇ ಕ್ರೀಡಾಂಗಣದ ಪಕ್ಕ ಬಿದ್ದು ಅವರೂ ಇನ್ನು ನಾಲ್ವರೂ ತೀರಿಕೊಂಡರು. ಹೊರಗೆ ಅವರ ಪ್ರತಿಮೆ ಇದೆ. ಈಗ ಅವರ ಮಗನ ಆಡಳಿತವನ್ನು ಬೈಯುತ್ತಾ ಆ ಪ್ರತಿಮೆಯ ಮುಂದೆ ಬಂದಾಗ ದನಿ ತಾನಾಗಿಯೇ ತಗ್ಗುತ್ತದೆ.

ನಿನ್ನ ಅಮ್ಮ ಹೆದರುತ್ತಾರೆ ಎಂದಿದ್ದೀಯ. ಇಂಗ್ಲೆಂಡಿನ ಮೇಲಿನ ದರ್ಜೆಗಳಲ್ಲಿ ಮೈದಾನ ಕಾಣುವ ಜಾಗದಲ್ಲಿ ಮದ್ಯ ಕುಡಿಯುವುದಕ್ಕೆ ಕಾನೂನೇ ಅಡ್ಡ ಇದೆ, ಹಾಗೆಂದು ಹೇಳು. ಹೊರಗೆ ಕುಡಿದು ಬರುವವರು ಇದ್ದೇ ಇರುತ್ತಾರೆ, ಅದನ್ನು ಹೇಳಬೇಡ. ನಮ್ಮ ಬಣ್ಣದವರಿಗೆ ಹೇಗೆ ಎಂದರೆ, ಬೆಲ್‌ಗ್ರೇವ್ ರಸ್ತೆಯಲ್ಲಿ ನಾನು ಮೆಂತ್ಯ ಸೊಪ್ಪು ಕೊಳ್ಳುವ ಅಂಗಡಿಯ ಗುಜರಾತಿ ಹಿರಿಯರು 1972 ರಲ್ಲಿ ಉಗಾಂಡಾದಿಂದ ಬಂದವರು. ಆಗೆಲ್ಲ ಪಂದ್ಯದ ದಿನ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದೆವು ಎನ್ನುತ್ತಾರೆ. ಈಗ ಅವರ ಮೊಮ್ಮಗಳಿಗೆ ಸೀಸನ್ ಟಿಕೆಟ್ ಇದೆ. ನನಗೆ ಇಷ್ಟು ವರ್ಷಗಳಲ್ಲಿ ಎರಡು ಸಲ ಕೆಟ್ಟ ಮಾತು ಕೇಳಿದೆ. ಎರಡನೆಯ ಸಲ ಉತ್ತರ ಕೊಟ್ಟದ್ದು ನಾನಲ್ಲ, ನಮ್ಮ ಸಾಲು.

ಕಾಲುಚೀಲ ಎರಡು ಜೊತೆ ಹಾಕಿಕೋ. ಇಲ್ಲಿ ಬನ್ನಿಗೆ ಕಾಬ್ ಎನ್ನುತ್ತಾರೆ, ಆಲೂಗಡ್ಡೆ ತುಂಬಿದ ಚಿಪ್ ಕಾಬ್ ನಿನಗೆ ನಡೆಯುತ್ತದೆ. ಬಾವ್ರಿಲ್ ಎಂದು ಯಾರಾದರೂ ಲೋಟ ಕೊಟ್ಟರೆ ಕಷಾಯವೆಂದು ಕುಡಿದುಬಿಡಬೇಡ, ಅದು ದನದ ಮಾಂಸದ ಸಾರ. ಶನಿವಾರ ಮಧ್ಯಾಹ್ನ ಮೂರರ ಪಂದ್ಯಗಳನ್ನು ಈ ದೇಶದಲ್ಲಿ ಟಿವಿಯಲ್ಲಿ ತೋರಿಸುವುದಿಲ್ಲ, ಮನೆಯಲ್ಲಿ ಕುಳಿತು ನೋಡುತ್ತೇನೆ ಎಂದರೆ ಆಗದು.

ಏಪ್ರಿಲ್ 20, ಈಸ್ಟರ್ ಭಾನುವಾರ, ಲಿವರ್‌ಪೂಲ್‌ನ ಆ ಒಂದು ಗೋಲಿನಿಂದ ನಾವು ಇಳಿದದ್ದು ಖಚಿತವಾಯಿತು. ಅಳುತ್ತಾರೆ ಎಂದುಕೊಂಡಿದ್ದೆ. ಹಿಂದಿನ ಸಾಲಿನವರು ಮುಂದಿನ ವರ್ಷ ಯಾವ ಯಾವ ಊರಿಗೆ ರೈಲಿನಲ್ಲಿ ಹೋಗಬಹುದು ಎಂದು ಎಣಿಸುತ್ತಿದ್ದರು. ಮೇ 18 ರಂದು ವಾರ್ಡಿಯ ಕೊನೆಯ ಆಟ. ಕ್ಲಬ್ಬಿಗೆ ಅದು ಅವನ ಐನೂರನೆಯ ಪಂದ್ಯ, ಅಂದೇ ಇನ್ನೂರನೆಯ ಗೋಲು ಹೊಡೆದ. ಕೆಳಗಿಳಿದ ತಂಡದ ಕ್ರೀಡಾಂಗಣ ಜಾತ್ರೆಯಂತೆ ತುಂಬಿತ್ತು. ಅಜ್ಜ ಅಂದು ಕೋಡುಬಳೆ ಕೇಳಲಿಲ್ಲ, ಬಾಯಿ ತೆರೆಯುವ ಸ್ಥಿತಿಯಲ್ಲಿ ಇರಲಿಲ್ಲ.

ಈ ಸಲ, 2025-26 ರಲ್ಲಿ, ಎರಡನೆಯ ದರ್ಜೆ: 24 ತಂಡ, 46 ಪಂದ್ಯ. ಮೊದಲನೆಯದು ಆಗಸ್ಟ್ 10, ಭಾನುವಾರ, ಶೆಫೀಲ್ಡ್ ವೆನ್ಸ್‌ಡೇ ಎಂಬ ತಂಡದ ವಿರುದ್ಧ. ನನ್ನ ಬಲಗಡೆಯವರ ಮನೆಯಲ್ಲಿ ಅಂದು ಮದುವೆ, ಅವರ ಟಿಕೆಟ್ ನಿನಗೆ ಕೊಡಿಸುತ್ತೇನೆ. ರಾಯಲ್ ಇನ್‌ಫರ್ಮರಿಯ ಎದುರು ಮೂರೂವರೆಗೆ ನಿಂತಿರುತ್ತೇನೆ, ಅಲ್ಲಿಂದ ನಡೆದೇ ಹೋಗಬಹುದು. ನೀಲಿ ಶಾಲು ನನ್ನ ಹತ್ತಿರ ಎರಡಿವೆ. ನಿನ್ನ ಆರ್‌ಸಿಬಿ ಅಂಗಿ ಮಾತ್ರ ಮನೆಯಲ್ಲೇ ಇರಲಿ. ಕೆಂಪು ಇಲ್ಲಿ ನಮ್ಮ ಬದ್ಧ ಎದುರಾಳಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನವರ ಬಣ್ಣ, ಅಜ್ಜ ಡಬ್ಬಿಗೆ ಕೈ ಹಾಕುವುದಿಲ್ಲ.